ಸರೌಂಡ್ ಧ್ವನಿ ಕೈಕೊಟ್ಟಾಗ: ಗಂಟು ಬಿಚ್ಚಬೇಕಾದದ್ದು ಪ್ಲೇಯರೋ, ರಿಸೀವರೋ?

ಐದು ಸ್ಪೀಕರ್, ಒಂದು ಸಬ್‌ವೂಫರ್ ಜೋಡಿಸಿ, ತಂತಿಗಳನ್ನೆಲ್ಲ ಗೋಡೆಯ ಅಂಚಿಗೆ ಸರಿಸಿ, ಸಿನಿಮಾ ಡಿಸ್ಕ್ ಹಾಕಿ ಕುಳಿತಿದ್ದೀರಿ. ಮಳೆಯ ದೃಶ್ಯ. ಪರದೆಯ ಮೇಲೆ ಧೋ ಎಂದು ಸುರಿಯುತ್ತಿದೆ, ಸದ್ದು ಮಾತ್ರ ಮುಂದಿನ ಎರಡು ಸ್ಪೀಕರ್‌ಗಳಿಂದಲೇ ಬರುತ್ತಿದೆ. ಬೆನ್ನ ಹಿಂದಿನ ಜೋಡಿ ಸುಮ್ಮನಿದೆ. ಅಥವಾ ಸದ್ದು ಎಲ್ಲ ಕಡೆಯಿಂದಲೂ ಇದೆ, ಗುಡುಗಿಗೆ ಮಾತ್ರ ತೂಕವೇ ಇಲ್ಲ. ಇಲ್ಲವೇ ಡಿಸ್ಕಿನ ಹೊದಿಕೆಯ ಮೇಲೆ, ಚಾವಣಿಯಿಂದಲೂ ಸದ್ದು ಕೇಳಿಸುವ ಅಟ್ಮಾಸ್ ಎಂದು ಬರೆದಿದೆ, ಸ್ಪೀಕರ್‌ಗಳಿಗೆ ಧ್ವನಿ ಹಂಚುವ ರಿಸೀವರ್‌ನ ಫಲಕದಲ್ಲಿ ಆ ಹೆಸರು ಎಷ್ಟು ಕಾದರೂ ಮೂಡುವುದಿಲ್ಲ.

ಇಂಥ ದೂರುಗಳ ಬೆನ್ನು ಹತ್ತಿ ಹೋದಾಗಲೆಲ್ಲ ನನಗೆ ಕೆಟ್ಟುಹೋದ ಸಾಧನ ಸಿಕ್ಕಿದ್ದು ಅಪರೂಪ. ಹೆಚ್ಚಿನ ಸಲ ತೊಂದರೆ ಕೆಲಸದ ಹಂಚಿಕೆಯಲ್ಲಿ ಇರುತ್ತದೆ. ಡಿಸ್ಕಿನಲ್ಲಿರುವ ಧ್ವನಿಯನ್ನು ಬಿಡಿಸುವ ಕೆಲಸ ಪ್ಲೇಯರ್‌ನದೋ ರಿಸೀವರ್‌ನದೋ ಎಂಬುದು ತೀರ್ಮಾನವಾಗಿರುವುದಿಲ್ಲ. ಇಬ್ಬರೂ ಅರ್ಧರ್ಧ ಮಾಡುತ್ತಿರುತ್ತಾರೆ, ಅಥವಾ ಒಬ್ಬ ಮಾಡಿ ಮುಗಿಸಿದ್ದನ್ನೇ ಇನ್ನೊಬ್ಬ ಮತ್ತೆ ಮಾಡುತ್ತಿರುತ್ತಾನೆ. ಆದ್ದರಿಂದ ದೋಷ ಹುಡುಕುವ ಮೊದಲು ಈ ಹಂಚಿಕೆಯನ್ನು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಅದಾದ ಮೇಲೆ ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಗಂಟು ಎಂದರೆ ಏನು

ಒಂದೊಂದು ಸ್ಪೀಕರ್‌ಗೂ, ಸಬ್‌ವೂಫರ್‌ಗೂ ಬೇರೆಬೇರೆ ವಾಹಿನಿ ಇರುವುದೇ ಬಹುವಾಹಿನಿ ಧ್ವನಿ. ಡಿಸ್ಕಿನ ಮೇಲೆ ಅದನ್ನು ಸಾಮಾನ್ಯವಾಗಿ ಅಡಕಗೊಳಿಸಿ, ಗಂಟು ಕಟ್ಟಿ ಇಟ್ಟಿರುತ್ತಾರೆ. ಡಿವಿಡಿಯ ಡಾಲ್ಬಿ ಡಿಜಿಟಲ್ ಟ್ರ್ಯಾಕ್ ಸೆಕೆಂಡಿಗೆ ಹೆಚ್ಚೆಂದರೆ 448 ಕಿಲೋಬಿಟ್. ಅದೇ ಆರು ವಾಹಿನಿಗಳನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಅಡಕಗೊಳಿಸದೆ ಇಟ್ಟರೆ ಸೆಕೆಂಡಿಗೆ 6.9 ಮೆಗಾಬಿಟ್ ಬೇಕು. ಹದಿನೈದು ಪಾಲಿನ ಸರಕನ್ನು ಒಂದು ಪಾಲಿನ ಜಾಗಕ್ಕೆ ತುರುಕಿದಂತಾಯಿತು. ಬ್ಲೂ-ರೇಯಲ್ಲಿ ಜಾಗ ಧಾರಾಳ. ಹಾಗಾಗಿ ಅಲ್ಲಿ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎಂಬ ನಷ್ಟರಹಿತ ಗಂಟುಗಳು ಬಂದವು. ಇವುಗಳನ್ನು ಬಿಚ್ಚಿದರೆ ಸ್ಟುಡಿಯೋದಲ್ಲಿ ಕಟ್ಟುವಾಗ ಇದ್ದ ಅಂಕಿಗಳೇ ಒಂದೂ ಬದಲಾಗದೆ ಹೊರಬರುತ್ತವೆ.

ಪ್ಲೇಯರ್‌ನ ಮೆನುವಿನಲ್ಲಿ ಕಾಣುವ ಎರಡು ಆಯ್ಕೆಗಳ ಅರ್ಥ ಇಷ್ಟೇ. ‘ಬಿಟ್‌ಸ್ಟ್ರೀಮ್’ ಎಂದರೆ ಪ್ಲೇಯರ್ ಗಂಟನ್ನು ಬಿಚ್ಚದೆ ಹಾಗೆಯೇ ರಿಸೀವರ್‌ಗೆ ದಾಟಿಸುತ್ತದೆ. ‘ಪಿಸಿಎಂ’ ಎಂದರೆ ತಾನೇ ಬಿಚ್ಚಿ, ಒಂದೊಂದು ವಾಹಿನಿಯನ್ನೂ ಬಿಡಿಬಿಡಿಯಾಗಿ ಕಳುಹಿಸುತ್ತದೆ. ‘ಆಟೋ’ ಎಂಬ ಮೂರನೆಯದೊಂದು ಇರುತ್ತದೆ. ಅದು ಎದುರಿನ ಸಾಧನವನ್ನು ವಿಚಾರಿಸಿಕೊಂಡು ತನಗೆ ತೋಚಿದ್ದನ್ನು ಮಾಡುತ್ತದೆ. ದೋಷ ಹುಡುಕುವ ಹೊತ್ತಿನಲ್ಲಿ ‘ಆಟೋ’ವನ್ನು ದೂರ ಇಡಿ. ಅದು ಯಾವಾಗ ಏನು ಮಾಡಿತು ಎಂಬ ಗೊಂದಲವೇ ಇನ್ನೊಂದು ದೋಷವಾಗಿ ಕೂರುತ್ತದೆ.

ಯಾರು ಬಿಚ್ಚಿದರೆ ಧ್ವನಿ ಚೆನ್ನ ಎಂಬ ವಾದ ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ನಷ್ಟರಹಿತ ಟ್ರ್ಯಾಕ್‌ಗಳ ಮಟ್ಟಿಗೆ ಈ ವಾದಕ್ಕೆ ನೆಲೆಯೇ ಇಲ್ಲ. ಎರಡೂ ಕಡೆ ಒಂದೇ ಅಂಕಿ ಬರುತ್ತದೆ, ಒಂದೇ ಅಂಕಿಯಿಂದ ಎರಡು ಬಗೆಯ ಧ್ವನಿ ಹುಟ್ಟುವುದಿಲ್ಲ. ವ್ಯತ್ಯಾಸ ಬರುವುದು ಬಿಚ್ಚಿದ ನಂತರದ ಕೆಲಸಗಳಲ್ಲಿ. ಯಾವ ಸ್ಪೀಕರ್ ಎಷ್ಟು ದೂರದಲ್ಲಿದೆ ಎಂದು ನೋಡಿ ಅಷ್ಟು ವಿಳಂಬ ಸೇರಿಸುವುದು, ಒಂದೊಂದರ ಮಟ್ಟ ಸರಿದೂಗಿಸುವುದು, ಚಿಕ್ಕ ಸ್ಪೀಕರ್‌ಗಳು ಹೊರಲಾರದ ಮಂದ್ರವನ್ನು ಸಬ್‌ವೂಫರ್‌ಗೆ ತಿರುಗಿಸುವುದು, ಕೋಣೆಯ ಗೂಂಗುಟ್ಟುವಿಕೆಯನ್ನು ತಿದ್ದುವುದು. ಮೈಕ್ ಇಟ್ಟು ಅಳೆದು ಸಿದ್ಧಪಡಿಸಿದ ಈ ಲೆಕ್ಕವೆಲ್ಲ ಇರುವುದು ರಿಸೀವರ್‌ನಲ್ಲಿ. ಹಾಗಾಗಿ ಗಂಟೂ ಅಲ್ಲೇ ಬಿಚ್ಚಲಿ, ಆಮೇಲಿನ ಕೆಲಸವೂ ಅಲ್ಲೇ ಒಂದೇ ಸಲ ನಡೆಯಲಿ ಎಂಬುದು ನನ್ನ ನಿಲುವು. ಇದಕ್ಕೆ ನಾಲ್ಕಾರು ಅಪವಾದಗಳಿವೆ, ಆಯಾ ದೋಷದ ಜೊತೆಗೇ ಹೇಳುತ್ತೇನೆ.

ಮೊದಲು ಫಲಕ ಓದಿ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಎರಡು ಪರೀಕ್ಷೆ ಮಾಡಿ.

ರಿಸೀವರ್‌ನ ಸ್ಪೀಕರ್ ಸೆಟಪ್ ಮೆನುವಿನಲ್ಲಿ ಪರೀಕ್ಷಾ ಧ್ವನಿ ಇರುತ್ತದೆ, ‘ಶ್ಶ್’ ಎಂಬ ಸದ್ದು ಒಂದಾದ ಮೇಲೊಂದು ಸ್ಪೀಕರ್‌ಗೆ ಸುತ್ತು ಬರುತ್ತದೆ. ಅದನ್ನು ಹಾಕಿ, ಎದ್ದು ಹೋಗಿ ಒಂದೊಂದು ಸ್ಪೀಕರ್‌ಗೂ ಕಿವಿಗೊಡಿ. ಎಲ್ಲದರಿಂದಲೂ ಬಂದರೆ ತಂತಿ, ಆಂಪ್ಲಿಫೈಯರ್, ಸ್ಪೀಕರ್ ಮೂರೂ ನಿರ್ದೋಷಿಗಳು. ಇನ್ನು ಅವುಗಳ ತಂಟೆಗೆ ಹೋಗಬೇಕಾಗಿಲ್ಲ. ಒಂದರಿಂದ ಬರದಿದ್ದರೆ ವಿದ್ಯುತ್ ಆರಿಸಿ, ರಿಸೀವರ್‌ನ ಹಿಂಬದಿಯಲ್ಲಿ ಆ ಸ್ಪೀಕರ್‌ನ ತಂತಿಯನ್ನೂ ಅದರ ಜೋಡಿಯ ತಂತಿಯನ್ನೂ ಅದಲುಬದಲು ಮಾಡಿ ನೋಡಿ. ಮೌನ ಆ ಸ್ಪೀಕರ್‌ನಲ್ಲಿಯೇ ಉಳಿದರೆ ತಪ್ಪು ತಂತಿಯದು ಅಥವಾ ಸ್ಪೀಕರ್‌ನದು. ಮೌನ ಜೋಡಿಯ ಕಡೆಗೆ ದಾಟಿಕೊಂಡರೆ ತಪ್ಪು ರಿಸೀವರ್‌ನ ಆ ವಾಹಿನಿಯದು. ಅಂಥ ದೋಷಕ್ಕೂ ಗಂಟು ಬಿಚ್ಚುವ (ಡಿಕೋಡ್) ವಿಷಯಕ್ಕೂ ಸಂಬಂಧವಿಲ್ಲ.

ಎರಡನೆಯ ಪರೀಕ್ಷೆ ಇದಕ್ಕಿಂತ ಮುಖ್ಯ, ಜನ ತಪ್ಪು ಓದುವುದೂ ಇಲ್ಲಿಯೇ. ಡಿಸ್ಕ್ ಓಡುತ್ತಿರುವಾಗ ರಿಸೀವರ್‌ನ ಫಲಕದಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಆಲಿಸುವ ಮೋಡ್. ನಮಗೆ ಬೇಕಾದದ್ದು ಅದಲ್ಲ. ಒಳಬರುತ್ತಿರುವ ಸಂಕೇತ ಯಾವುದು ಎಂಬುದು ಬೇಕು. ‘ಇನ್‌ಫೋ’ ಅಥವಾ ‘ಸ್ಟೇಟಸ್’ ಗುಂಡಿ ಒತ್ತಿದರೆ ಅದು ಸಿಗುತ್ತದೆ. ಕೆಲವು ರಿಸೀವರ್‌ಗಳಲ್ಲಿ ಎಡ, ಬಲ, ನಡು ವಾಹಿನಿಗಳಿಗೆ ಪುಟ್ಟ ಚೌಕಗಳು ಬೆಳಗುತ್ತವೆ, ಒಂದು ಸಾಲು ಬರುತ್ತಿರುವುದನ್ನು, ಇನ್ನೊಂದು ಹೋಗುತ್ತಿರುವುದನ್ನು ತೋರಿಸುತ್ತದೆ. ಬರುತ್ತಿರುವ ಸಾಲಿನಲ್ಲಿ ಎರಡೇ ಚೌಕ, ಹೋಗುತ್ತಿರುವ ಸಾಲಿನಲ್ಲಿ ಐದು ಎಂದಿದ್ದರೆ ರಿಸೀವರ್ ಎರಡು ವಾಹಿನಿಯ ಧ್ವನಿಯನ್ನೇ ಹಿಗ್ಗಿಸಿ ಐದಕ್ಕೆ ಹಂಚುತ್ತಿದೆ ಎಂದು ಅರ್ಥ. ಡಾಲ್ಬಿ ಸರೌಂಡ್, ಡಿಟಿಎಸ್ ನ್ಯೂರಲ್:ಎಕ್ಸ್, ಆಲ್ ಚಾನಲ್ ಸ್ಟೀರಿಯೋ ಮುಂತಾದ ಮೋಡ್‌ಗಳ ಕೆಲಸ ಇದೇ. ಎಲ್ಲ ಸ್ಪೀಕರ್ ಉಲಿಯುತ್ತಿವೆ, ಆದ್ದರಿಂದ ಸರೌಂಡ್ ಸರಿಯಾಗಿದೆ ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದವರನ್ನು ನಾನು ಕಂಡಿದ್ದೇನೆ. ಡಿಸ್ಕಿನ ನಿಜವಾದ ಸರೌಂಡ್ ಅವರ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ. ಸರಿಪಡಿಸಿದ ಸಂಜೆ ಅವರ ಮುಖ ನೋಡಿದ ಮೇಲೆ ಈ ಫಲಕ ಓದುವ ವಿದ್ಯೆಯನ್ನು ಎಲ್ಲರಿಗೂ ಹೇಳಬೇಕು ಎನ್ನಿಸಿತು.

ಹಿಂದಿನ ಸ್ಪೀಕರ್‌ಗಳು ಮೌನ, ಒಳಬರುವುದು ಎರಡೇ ವಾಹಿನಿ

ಇದಕ್ಕೆ ಕಾರಣ ಹುಡುಕುವಾಗ ಕೇಬಲ್‌ನಿಂದ ಶುರು ಮಾಡಿ. ಪ್ಲೇಯರ್‌ನಿಂದ ರಿಸೀವರ್‌ಗೆ ಆಪ್ಟಿಕಲ್ ಅಥವಾ ಕೋಯಾಕ್ಸಿಯಲ್ ಕೇಬಲ್ ಇದ್ದು, ಪ್ಲೇಯರ್ ಪಿಸಿಎಂಗೆ ಹೊಂದಿಸಿದ್ದರೆ ಉತ್ತರ ಅಲ್ಲಿಗೇ ಸಿಕ್ಕಿತು. ಆ ಕೇಬಲ್‌ಗಳಲ್ಲಿ ಬಿಚ್ಚಿದ ಧ್ವನಿ ಎರಡು ವಾಹಿನಿಗಿಂತ ಹೆಚ್ಚು ಹಿಡಿಯುವುದಿಲ್ಲ. ಗಂಟು ಕಟ್ಟಿದ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆದರೆ 5.1, ಅಂದರೆ ಐದು ವಾಹಿನಿ ಜೊತೆಗೊಂದು ಮಂದ್ರದ ವಾಹಿನಿ, ಆರಾಮವಾಗಿ ಹಿಡಿಯುತ್ತದೆ. ಪ್ಲೇಯರ್ ಬಿಚ್ಚಿದ ತಪ್ಪಿಗೆ ಆರು ವಾಹಿನಿಗಳನ್ನು ಎರಡಕ್ಕೆ ಕಲಸಿ ಕಳುಹಿಸಬೇಕಾಗಿದೆ. ಹೀಗೆ ಕಲಸುವಾಗ ಮಂದ್ರಕ್ಕೆಂದೇ ಮೀಸಲಾದ ‘.1’ ವಾಹಿನಿಯನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ, ಗುಡುಗು ಸಪ್ಪೆಯಾಗುವುದಕ್ಕೆ ಅದೂ ಒಂದು ಕಾರಣ. ಬಿಟ್‌ಸ್ಟ್ರೀಮ್‌ಗೆ ಬದಲಿಸಿ, ಫಲಕದಲ್ಲಿ ಡಾಲ್ಬಿ ಡಿಜಿಟಲ್ ಎಂದು ಮೂಡಿದರೆ ಕೆಲಸ ಮುಗಿಯಿತು. ಹಳೆಯ ಡಿವಿಡಿ ಪ್ಲೇಯರ್‌ಗಳಲ್ಲಿ ಡಿಟಿಎಸ್ ಹೊರಹರಿವಿಗೆ ಬೇರೆಯೇ ಒಂದು ಆಯ್ಕೆ ಇದ್ದು, ಕಾರ್ಖಾನೆಯಿಂದಲೇ ಅದು ಆಫ್ ಆಗಿ ಬರುತ್ತಿದ್ದುದುಂಟು. ಡಾಲ್ಬಿ ಟ್ರ್ಯಾಕ್ ಸರಿಯಾಗಿದ್ದು ಡಿಟಿಎಸ್ ಟ್ರ್ಯಾಕ್‌ನಲ್ಲಿ ಮಾತ್ರ ಸದ್ದೇ ಇಲ್ಲದಿದ್ದರೆ ಆ ಆಯ್ಕೆಯನ್ನು ಹುಡುಕಿ.

ಕೇಬಲ್ ಎಚ್‌ಡಿಎಂಐ ಆಗಿದ್ದರೆ ಅದು ಎಲ್ಲಿಗೆ ಹೋಗುತ್ತಿದೆ ನೋಡಿ. ಪ್ಲೇಯರ್‌ನಿಂದ ನೇರವಾಗಿ ಟಿವಿಗೆ, ಟಿವಿಯಿಂದ ರಿಸೀವರ್‌ಗೆ ಎಂಬ ಜೋಡಣೆ ಇದ್ದರೆ ನನ್ನ ಅನುಮಾನ ಮೊದಲು ಟಿವಿಯ ಮೇಲೆ. ಎಚ್‌ಡಿಎಂಐಯಲ್ಲಿ ಸಾಧನಗಳು ಕೈಜೋಡಿಸುವ ಹೊತ್ತಿಗೆ ಸ್ವೀಕರಿಸುವ ಸಾಧನ ‘ನನ್ನಿಂದ ಇಷ್ಟು ಸಾಧ್ಯ’ ಎಂಬ ಪಟ್ಟಿಯನ್ನು ಕಳುಹಿಸುವವನ ಕೈಗೆ ಕೊಡುತ್ತದೆ. ಟಿವಿಗೆ ಇರುವುದು ಎರಡು ಪುಟ್ಟ ಸ್ಪೀಕರ್. ಎಷ್ಟೋ ಟಿವಿಗಳು ಆ ಪಟ್ಟಿಯಲ್ಲಿ ಎರಡು ವಾಹಿನಿಯ ಪಿಸಿಎಂ ಎಂದಷ್ಟೇ ಬರೆದುಕೊಡುತ್ತವೆ. ಪ್ಲೇಯರ್ ಅದನ್ನು ನಂಬಿ ಎರಡಕ್ಕೇ ಇಳಿಸಿ ಕಳುಹಿಸುತ್ತದೆ. ಆಚೆ ಬದಿಯಲ್ಲಿ ಏಳು ಸ್ಪೀಕರ್‌ಗಳ ರಿಸೀವರ್ ಕಾದು ಕುಳಿತಿದೆ ಎಂಬುದು ಪ್ಲೇಯರ್‌ಗೆ ಗೊತ್ತೇ ಆಗುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಮಾತು ಈ ಜೋಡಣೆಗೆ ಸರಿಯಾಗಿ ಒಪ್ಪುತ್ತದೆ.

2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ಎಆರ್‌ಸಿ ಎಂಬ ಹಿಂದಿರುಗುವ ದಾರಿ ಟಿವಿಯಿಂದ ರಿಸೀವರ್‌ಗೆ ಧ್ವನಿ ತರುತ್ತದೆ. ಅದರ ಅಗಲ ಹೆಚ್ಚುಕಡಿಮೆ ಆಪ್ಟಿಕಲ್ ಕೇಬಲ್‌ನಷ್ಟೇ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಅದರಲ್ಲಿ ಬರುವುದಿಲ್ಲ. 2017ರ ಎಚ್‌ಡಿಎಂಐ 2.1ರ ಇಎಆರ್‌ಸಿ ಬಂದ ಮೇಲೆ ಆ ಅಡಚಣೆ ನಿವಾರಣೆಯಾಯಿತು, ಆದರೆ ಟಿವಿ ಮತ್ತು ರಿಸೀವರ್ ಎರಡರಲ್ಲೂ ಅದು ಇರಬೇಕು, ಎರಡರ ಮೆನುವಿನಲ್ಲೂ ಆನ್ ಆಗಿರಬೇಕು. ಅಷ್ಟೆಲ್ಲ ಇದ್ದರೂ ಡಿಟಿಎಸ್ ಅನ್ನು ದಾಟಿಸಲು ಒಪ್ಪದ ಟಿವಿಗಳಿವೆ. ಡಿಸ್ಕ್ ಪ್ಲೇಯರ್ ಇರುವವರಿಗೆ ಇಷ್ಟೆಲ್ಲ ಪಾಡು ಬೇಡ. ಪ್ಲೇಯರ್‌ನ ಕೇಬಲ್ ನೇರ ರಿಸೀವರ್‌ಗೆ, ರಿಸೀವರ್‌ನಿಂದ ಚಿತ್ರ ಟಿವಿಗೆ. ಹೀಗೆ ಬದಲಿಸಿದ ಕೂಡಲೇ ಮಾಯವಾದ ದೋಷಗಳಿಗೆ ಲೆಕ್ಕವಿಲ್ಲ.

ಒಂದು ವೇಳೆ ರಿಸೀವರ್ ಹಳೆಯದಾಗಿ ನಿಮ್ಮ ಟಿವಿಯ 4ಕೆ ಚಿತ್ರವನ್ನು ದಾಟಿಸಲಾರದು ಎಂದಾದರೆ, ಪ್ಲೇಯರ್‌ನ ಹಿಂಬದಿಯಲ್ಲಿ ಎರಡನೆಯ ಎಚ್‌ಡಿಎಂಐ ಕಿಂಡಿ ಇದೆಯೇ ನೋಡಿ. ಎಷ್ಟೋ 4ಕೆ ಪ್ಲೇಯರ್‌ಗಳಲ್ಲಿ ಧ್ವನಿಗೆಂದೇ ಒಂದು ಇರುತ್ತದೆ. ಚಿತ್ರ ಟಿವಿಗೆ, ಧ್ವನಿ ರಿಸೀವರ್‌ಗೆ ಎಂದು ಬೇರೆಬೇರೆಯಾಗಿ ಕಳುಹಿಸಬಹುದು.

ಟ್ರೂಎಚ್‌ಡಿ ಆರಿಸಿದರೂ ಬರೀ ಡಾಲ್ಬಿ ಡಿಜಿಟಲ್ ಎಂದು ತೋರಿಸುತ್ತದೆ

ಎಚ್‌ಡಿಎಂಐ ಇದೆ, ನೇರ ಸಂಪರ್ಕವಿದೆ, ಬಿಟ್‌ಸ್ಟ್ರೀಮ್ ಆರಿಸಿದ್ದೀರಿ, ಡಿಸ್ಕಿನ ಮೆನುವಿನಲ್ಲಿ ನಷ್ಟರಹಿತ ಟ್ರ್ಯಾಕನ್ನೇ ಆಯ್ದಿದ್ದೀರಿ. ಆದರೂ ಫಲಕದಲ್ಲಿ ‘ಡಾಲ್ಬಿ ಡಿಜಿಟಲ್’ ಅಥವಾ ‘ಡಿಟಿಎಸ್’ ಎಂದಷ್ಟೇ. ಇದಕ್ಕೆ ಕಾರಣ ಬಹುತೇಕ ಒಂದೇ: ಪ್ಲೇಯರ್‌ನ ಆಡಿಯೋ ಮೆನುವಿನಲ್ಲಿ ಅಡಗಿರುವ ‘ಸೆಕೆಂಡರಿ ಆಡಿಯೋ’. ಕೆಲವು ಕಡೆ ಅದರ ಹೆಸರು ‘ಬಿಡಿ ಆಡಿಯೋ ಮಿಕ್ಸ್’.

ಬ್ಲೂ-ರೇಯಲ್ಲಿ ಸಿನಿಮಾದ ಧ್ವನಿಯ ಜೊತೆಗೆ ನಿರ್ದೇಶಕರ ಮಾತು, ಮೆನುವಿನ ಗುಂಡಿ ಒತ್ತಿದಾಗಿನ ಟಿಕ್ ಸದ್ದು ಮುಂತಾದವನ್ನು ಬೆರೆಸುವ ಅವಕಾಶವಿದೆ. ಗಂಟು ಕಟ್ಟಿದ ಧ್ವನಿಗೆ ಏನನ್ನೂ ಬೆರೆಸಲಾಗದು. ಆದ್ದರಿಂದ ಪ್ಲೇಯರ್ ಮೊದಲು ಗಂಟನ್ನು ಬಿಚ್ಚಿ, ಟಿಕ್ ಸದ್ದನ್ನು ಸೇರಿಸಿ, ನೀವು ಬಿಟ್‌ಸ್ಟ್ರೀಮ್ ಕೇಳಿದ್ದೀರಿ ಎಂಬ ಕಾರಣಕ್ಕೆ ಮತ್ತೆ ಗಂಟು ಕಟ್ಟುತ್ತದೆ. ಈ ಸಲ ಕಟ್ಟುವುದು ಮಾತ್ರ ನಷ್ಟವಿರುವ ಹಳೆಯ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್‌ನಲ್ಲಿ. ಟ್ರೂಎಚ್‌ಡಿಗೆ ಸೆಕೆಂಡಿಗೆ 18 ಮೆಗಾಬಿಟ್‌ವರೆಗೆ ಅವಕಾಶವಿದೆ, ಬ್ಲೂ-ರೇಯ ಡಾಲ್ಬಿ ಡಿಜಿಟಲ್‌ಗೆ ಹೆಚ್ಚೆಂದರೆ 640 ಕಿಲೋಬಿಟ್. ಎಂದೋ ಒಮ್ಮೆ ಕೇಳುವ ಟಿಕ್ ಸದ್ದಿಗಾಗಿ ಇಡೀ ಸಿನಿಮಾದ ಧ್ವನಿಯನ್ನು ಹೀಗೆ ಬಿಚ್ಚಿ ಕಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಆಯ್ಕೆಯನ್ನು ಆಫ್ ಮಾಡಿ. ನಿರ್ದೇಶಕರ ಮಾತು ಕೇಳುವ ದಿನ ಮತ್ತೆ ಆನ್ ಮಾಡಿಕೊಂಡರಾಯಿತು.

ಪ್ಲೇಯರ್ ಪಿಸಿಎಂಗೆ ಹೊಂದಿಸಿದ್ದರೆ ಈ ತೊಂದರೆ ಇರುವುದಿಲ್ಲ. ಬಿಚ್ಚಿ, ಬೆರೆಸಿ, ಹಾಗೆಯೇ ಕಳುಹಿಸುತ್ತದೆ, ಮತ್ತೆ ಕಟ್ಟುವ ಪ್ರಮೇಯವಿಲ್ಲ. ಪ್ಲೇಯರ್ ಬಿಚ್ಚಲಿ ಎನ್ನುವವರ ವಾದದಲ್ಲಿ ಗಟ್ಟಿಯಾದ ಅಂಶ ಇದು.

ಅಟ್ಮಾಸ್ ಹೆಸರು ಮೂಡುವುದಿಲ್ಲ

ಇಲ್ಲಿ ಮಾತ್ರ ಆಯ್ಕೆಯೇ ಇಲ್ಲ, ಡಿಸ್ಕ್ ಪ್ಲೇಯರ್ ಬಿಟ್‌ಸ್ಟ್ರೀಮ್‌ನಲ್ಲಿರಬೇಕು. 2014ರಲ್ಲಿ ಮನೆಗಳಿಗೆ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ ಧ್ವನಿಯ ಜೊತೆಗೆ ‘ಈ ಹೆಲಿಕಾಪ್ಟರ್ ಈಗ ಇಲ್ಲಿದೆ, ಇನ್ನು ಅತ್ತ ಹೋಗುತ್ತದೆ’ ಎಂಬ ಸ್ಥಾನದ ವಿವರವೂ ಇರುತ್ತದೆ. ನಿಮ್ಮ ಕೋಣೆಯಲ್ಲಿ ಯಾವ ಸ್ಪೀಕರ್ ಎಲ್ಲಿದೆ ಎಂದು ಬಲ್ಲ ರಿಸೀವರ್ ಆ ವಿವರವನ್ನು ಓದಿ ಸದ್ದನ್ನು ಹಂಚುತ್ತದೆ. ಪ್ಲೇಯರ್ ಟ್ರೂಎಚ್‌ಡಿಯನ್ನು ಬಿಚ್ಚಿ ಪಿಸಿಎಂ ಮಾಡಿದರೆ ಆ ವಿವರ ಕಳೆದುಹೋಗಿ 7.1 ವಾಹಿನಿಗಳಷ್ಟೇ ಉಳಿಯುತ್ತವೆ. ಹೆಲಿಕಾಪ್ಟರ್‌ನ ಸದ್ದು ಎಲ್ಲಿಗೂ ಹೋಗಿರುವುದಿಲ್ಲ, ಆದರೆ ಚಾವಣಿಯಿಂದ ಇಳಿದು ಕಿವಿಯ ಮಟ್ಟಕ್ಕೆ ಬಂದಿರುತ್ತದೆ. ಡಿಟಿಎಸ್:ಎಕ್ಸ್ ಕಥೆಯೂ ಇದೇ. ಸ್ಟ್ರೀಮಿಂಗ್ ಪೆಟ್ಟಿಗೆಗಳಲ್ಲಿ ಕೆಲವು ಬಿಚ್ಚಿದ ಧ್ವನಿಯ ಜೊತೆಗೇ ಸ್ಥಾನದ ವಿವರವನ್ನೂ ಹೊಲಿದು ಕಳುಹಿಸುತ್ತವೆ, ಅವುಗಳ ಲೆಕ್ಕ ಬೇರೆ.

ಇದನ್ನು ಓದಿ, ಹಾಗಾದರೆ ಪ್ಲೇಯರ್‌ನಲ್ಲಿಯೇ ಬಿಚ್ಚಿ ಎಂದು ಹಿಂದೆ ಬರೆದವರೆಲ್ಲ ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. 2006ರಲ್ಲಿ ಬ್ಲೂ-ರೇ ಬಂದಾಗ ಮನೆಗಳಲ್ಲಿದ್ದ ರಿಸೀವರ್‌ಗಳಿಗೆ ಹೊಸ ಗಂಟುಗಳನ್ನು ಬಿಚ್ಚಲು ಬರುತ್ತಿರಲಿಲ್ಲ. ಅವುಗಳನ್ನು ಬಿಚ್ಚದೆ ದಾಟಿಸುವ ಸೌಕರ್ಯ ಎಚ್‌ಡಿಎಂಐಗೆ ಬಂದದ್ದೂ ಅದೇ ವರ್ಷದ 1.3ನೇ ಆವೃತ್ತಿಯಲ್ಲಿ. ಆದರೆ ಬಿಚ್ಚಿದ ಎಂಟು ವಾಹಿನಿಗಳ ಪಿಸಿಎಂ ಮೊದಲಿನಿಂದಲೂ ಎಚ್‌ಡಿಎಂಐಯಲ್ಲಿ ಸಾಗುತ್ತಿತ್ತು. ಹಾಗಾಗಿ ಆಗ ಪ್ಲೇಯರ್ ಬಿಚ್ಚುವುದೇ ಬುದ್ಧಿವಂತಿಕೆಯಾಗಿತ್ತು. ಇಂದಿಗೂ ಅಂಥ ರಿಸೀವರ್ ಇಟ್ಟುಕೊಂಡವರು ಬಿಟ್‌ಸ್ಟ್ರೀಮ್ ಹಾಕಿದರೆ ಹಳೆಯ ಡಾಲ್ಬಿ ಡಿಜಿಟಲ್ ಮಾತ್ರ ಕೇಳಿಸುತ್ತದೆ. ಪಿಸಿಎಂ ಹಾಕಿದರೆ ನಷ್ಟರಹಿತ ಧ್ವನಿಯೇ ಸಿಗುತ್ತದೆ. ಒಳ್ಳೆಯ ಹಳೆಯ ರಿಸೀವರ್ ಅನ್ನು ಈ ಒಂದು ಕಾರಣಕ್ಕೆ ಮೂಲೆಗೆ ಹಾಕಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಗುಡುಗಿಗೆ ತೂಕವಿಲ್ಲ, ಅಥವಾ ತೂಕ ವಿಪರೀತ

ಈ ದೋಷ ನನ್ನನ್ನೇ ಒಂದು ವಾರ ಆಡಿಸಿತ್ತು. ಸಂಗೀತದ ಎಸ್‌ಎಸಿಡಿಗಳಿಗಾಗಿ, ಅಂದರೆ ಸಿಡಿಗಿಂತ ಮೇಲ್ದರ್ಜೆಯ ಧ್ವನಿಯ ಡಿಸ್ಕ್‌ಗಳಿಗಾಗಿ, ಒಂದು ಹಳೆಯ ಪ್ಲೇಯರ್ ತಂದಿದ್ದೆ. ಅದರ ಹಿಂಬದಿಯಲ್ಲಿ ಆರು ಅನಲಾಗ್ ಕಿಂಡಿಗಳು. ಆರು ತಂತಿಗಳನ್ನು ರಿಸೀವರ್‌ನ ಆರು ಕಿಂಡಿಗಳಿಗೆ ಬಣ್ಣ ನೋಡಿ ಚುಚ್ಚಿದೆ. ಎಲ್ಲ ಸ್ಪೀಕರ್‌ಗಳಿಂದಲೂ ಧ್ವನಿ ಬಂತು, ಸ್ವಚ್ಛವಾಗಿಯೂ ಇತ್ತು, ಆದರೆ ನೆಲವಿಲ್ಲದ ಮನೆಯಂತೆ. ಸಬ್‌ವೂಫರ್‌ನ ಕೋನ್ ಮೇಲೆ ಅಂಗೈ ಇಟ್ಟು ನೋಡಿದೆ, ಚಿಟ್ಟೆ ರೆಕ್ಕೆ ಬಡಿದಷ್ಟೇ ಅದಿರುತ್ತಿತ್ತು. ತಂತಿ ಬದಲಿಸಿದೆ. ಸಬ್‌ವೂಫರ್ ಅನ್ನೇ ಬೇರೆ ಮೂಲೆಗೆ ಎಳೆದೆ. ಕೊನೆಗೆ, ಎರಡೂ ಬಗೆಯಲ್ಲಿ ಓಡುವ ಒಂದು ಸಿನಿಮಾ ಡಿಸ್ಕ್ ಹಾಕಿ, ಒಮ್ಮೆ ಅನಲಾಗ್ ತಂತಿಗಳಲ್ಲಿ, ಒಮ್ಮೆ ಆಪ್ಟಿಕಲ್ ಕೇಬಲ್‌ನಲ್ಲಿ ಬಿಟ್‌ಸ್ಟ್ರೀಮ್ ಆಗಿ ಅದೇ ದೃಶ್ಯವನ್ನು ಕೇಳಿದೆ. ಎರಡನೆಯದರಲ್ಲಿ ಕಿಟಕಿಯ ಗಾಜು ನಡುಗಿತು. ಸಬ್‌ವೂಫರ್ ನಿರಪರಾಧಿ ಎಂಬುದು ಆಗ ತಿಳಿಯಿತು.

ನಡೆದದ್ದು ಇಷ್ಟು. ‘.1’ ವಾಹಿನಿಯನ್ನು ಮುದ್ರಿಸುವಾಗ ಹತ್ತು ಡೆಸಿಬೆಲ್ ತಗ್ಗಿಸಿ ಇಟ್ಟಿರುತ್ತಾರೆ, ಕೇಳಿಸುವಾಗ ಅಷ್ಟನ್ನು ಮರಳಿ ಸೇರಿಸಬೇಕು. ರಿಸೀವರ್ ಗಂಟು ಬಿಚ್ಚಿದಾಗ ತಾನೇ ಸೇರಿಸುತ್ತದೆ. ಆರು ಅನಲಾಗ್ ತಂತಿಗಳ ಜೋಡಣೆಯಲ್ಲಿ ಪ್ಲೇಯರ್ ‘ಅದು ರಿಸೀವರ್ ಕೆಲಸ’ ಎಂದುಕೊಂಡಿತ್ತು, ರಿಸೀವರ್ ‘ಅದು ಪ್ಲೇಯರ್ ಮಾಡಿಯೇ ಕಳುಹಿಸಿರುತ್ತದೆ’ ಎಂದುಕೊಂಡಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಸಾಲದ್ದಕ್ಕೆ ಹೆಚ್ಚಿನ ರಿಸೀವರ್‌ಗಳು ಆ ಅನಲಾಗ್ ಕಿಂಡಿಗಳಿಂದ ಬಂದದ್ದನ್ನು ಧ್ವನಿ ಹೆಚ್ಚಿಸುವುದು, ತಗ್ಗಿಸುವುದು ಬಿಟ್ಟರೆ ಬೇರೇನೂ ಮಾಡದೆ ಸ್ಪೀಕರ್‌ಗೆ ಕಳುಹಿಸುತ್ತವೆ. ಚಿಕ್ಕ ಸ್ಪೀಕರ್‌ಗಳ ಮಂದ್ರವನ್ನು ಸಬ್‌ವೂಫರ್‌ಗೆ ತಿರುಗಿಸುವ ಏರ್ಪಾಡು, ದೂರದ ಲೆಕ್ಕ, ಕೋಣೆಯ ತಿದ್ದುಪಡಿ ಯಾವುದೂ ಅಲ್ಲಿ ಇರುವುದಿಲ್ಲ. ನನ್ನ ರಿಸೀವರ್‌ನ ಮೆನುವಿನ ಆಳದಲ್ಲಿ ಅನಲಾಗ್ ಸಬ್‌ವೂಫರ್‌ಗೆ ಹತ್ತು ಡೆಸಿಬೆಲ್ ಸೇರಿಸುವ ಆಯ್ಕೆಯೊಂದಿತ್ತು. ಅದನ್ನು ಆನ್ ಮಾಡಿ, ಪ್ಲೇಯರ್‌ನ ಸ್ಪೀಕರ್ ಮೆನುವಿನಲ್ಲಿ ಎಲ್ಲವನ್ನೂ ‘ಸ್ಮಾಲ್’ (ಮಂದ್ರ ಹೊರಲಾರದ ಚಿಕ್ಕ ಸ್ಪೀಕರ್) ಮಾಡಿ, ಅಳತೆಪಟ್ಟಿ ಹಿಡಿದು ದೂರಗಳನ್ನು ತುಂಬಿದ ಮೇಲೆ ಮನೆಗೆ ನೆಲ ಬಂತು.

ಎಚ್‌ಡಿಎಂಐಯಲ್ಲಿ ಪಿಸಿಎಂ ಕಳುಹಿಸುವವರಿಗೆ ಇದರ ತದ್ವಿರುದ್ಧ ದೋಷ ಕಾಡಬಹುದು. ಕೆಲವು ಪ್ಲೇಯರ್‌ಗಳು ತಮ್ಮ ಸ್ಪೀಕರ್ ಸೆಟ್ಟಿಂಗನ್ನು ಎಚ್‌ಡಿಎಂಐ ಧ್ವನಿಗೂ ಅನ್ವಯಿಸುತ್ತವೆ. ಪ್ಲೇಯರ್‌ನಲ್ಲಿ ‘ಸ್ಮಾಲ್’, ರಿಸೀವರ್‌ನಲ್ಲೂ ‘ಸ್ಮಾಲ್’ ಎಂದಾದರೆ ಮಂದ್ರವನ್ನು ಎರಡು ಸಲ ಸೋಸಿದಂತಾಗುತ್ತದೆ. ಐದು ವಾಹಿನಿಗಳ ಮಂದ್ರ ‘.1’ರೊಳಗೆ ಸೇರಿಕೊಂಡು, ರಿಸೀವರ್ ಅದನ್ನು ಮೂಲ ‘.1’ ಎಂದೇ ತಿಳಿದು ಹತ್ತು ಡೆಸಿಬೆಲ್ ಏರಿಸಿದರೆ ಗುಂಯ್‌ಗುಡುವಿಕೆ ಸಹಿಸಲಾಗದು. ದೂರದ ವಿಳಂಬವೂ ಹೀಗೆಯೇ ಎರಡು ಪಟ್ಟಾಗುತ್ತದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಿಂದಿನ ಸ್ಪೀಕರ್ ಮುಂದಿನದಕ್ಕಿಂತ ಒಂದೂವರೆ ಮೀಟರ್ ಹತ್ತಿರವಿದ್ದರೆ ಅದರ ಸದ್ದನ್ನು ನಾಲ್ಕೂವರೆ ಮಿಲಿಸೆಕೆಂಡ್ ತಡೆಯಬೇಕು. ಇಬ್ಬರೂ ತಡೆದರೆ ಒಂಬತ್ತಾಗುತ್ತದೆ. ಆದ್ದರಿಂದ ಎಚ್‌ಡಿಎಂಐ ಬಳಸುವಾಗ ಪ್ಲೇಯರ್‌ನಲ್ಲಿ ಎಲ್ಲ ಸ್ಪೀಕರ್ ‘ಲಾರ್ಜ್’, ಸಬ್‌ವೂಫರ್ ಇದೆ, ಎಲ್ಲ ದೂರ ಸಮ, ಎಲ್ಲ ಮಟ್ಟ ಸೊನ್ನೆ ಎಂದು ಇಟ್ಟುಬಿಡಿ. ಪ್ಲೇಯರ್ ಬರೀ ಗಂಟು ಬಿಚ್ಚಿ ಕೊಡಲಿ, ಬೇರೇನೂ ಮಾಡದಿರಲಿ.

ಎಸ್‌ಎಸಿಡಿ ಮೌನ, ಸಿಡಿಯಲ್ಲಿ ಸುಂಟರಗಾಳಿ

ಎಸ್‌ಎಸಿಡಿಯಲ್ಲಿ ಧ್ವನಿ ಇರುವುದು ಡಿಎಸ್‌ಡಿ ಎಂಬ, ಪಿಸಿಎಂಗಿಂತ ಬೇರೆಯದೇ ರೂಪದಲ್ಲಿ. ಅದು ಆಪ್ಟಿಕಲ್ ಕೇಬಲ್‌ನಲ್ಲಿ ಬರುವುದೇ ಇಲ್ಲ, ಅದಕ್ಕೆ ಅನುಮತಿಯೇ ಇಲ್ಲ. ಎಚ್‌ಡಿಎಂಐ 1.2ರಿಂದ ಈಚೆಗೆ ಡಿಎಸ್‌ಡಿಯನ್ನು ಹಾಗೆಯೇ ದಾಟಿಸಬಹುದು. ರಿಸೀವರ್ ಒಪ್ಪದಿದ್ದರೆ ಪ್ಲೇಯರ್‌ನಲ್ಲಿ ಪಿಸಿಎಂಗೆ ಬದಲಿಸಿಕೊಳ್ಳಿ. ಇಲ್ಲಿ ಪ್ಲೇಯರ್ ಪರಿವರ್ತಿಸಿದರೆ ಬೇಸರಪಡಬೇಕಾಗಿಲ್ಲ, ಏಕೆಂದರೆ ಕೋಣೆಯ ತಿದ್ದುಪಡಿ ಮಾಡಲು ಎಷ್ಟೋ ರಿಸೀವರ್‌ಗಳೂ ಡಿಎಸ್‌ಡಿಯನ್ನು ಪಿಸಿಎಂ ಮಾಡಿಕೊಂಡೇ ಮುಂದುವರಿಯುತ್ತವೆ.

ಡಿಟಿಎಸ್ ಸಿಡಿಗಳ ವಿಷಯದಲ್ಲಿ ಎಚ್ಚರವಿರಲಿ. ನೋಡಲು ಮಾಮೂಲಿ ಸಿಡಿ, ಒಳಗಿರುವುದು ಪಿಸಿಎಂ ವೇಷದ ಡಿಟಿಎಸ್ ಗಂಟು. ಪ್ಲೇಯರ್ ಅದರ ಧ್ವನಿಮಟ್ಟವನ್ನೋ ಮಾದರಿ ದರವನ್ನೋ ಸ್ವಲ್ಪ ಬದಲಿಸಿದರೂ ಗಂಟಿನ ಗುರುತು ಅಳಿಸಿಹೋಗಿ, ರಿಸೀವರ್ ಅದನ್ನು ಸಂಗೀತವೆಂದೇ ತಿಳಿದು ನುಡಿಸುತ್ತದೆ. ಕಿವಿಗೆ ಬೀಳುವುದು ‘ಭೋರ್’ ಎಂಬ ಕರ್ಕಶ ಗದ್ದಲ. ಸ್ಪೀಕರ್‌ನೊಳಗಿನ, ತಾರ ಸ್ವರ ನುಡಿಸುವ ಟ್ವೀಟರ್ ಸುಟ್ಟುಹೋಗುವ ಅಪಾಯ ಇದರಲ್ಲಿದೆ. ಇಂಥ ಡಿಸ್ಕ್ ಹಾಕುವ ಮೊದಲು ಧ್ವನಿ ಪೂರ್ತಿ ತಗ್ಗಿಸಿ, ಫಲಕದಲ್ಲಿ ಡಿಟಿಎಸ್ ಎಂದು ಮೂಡಿದ ಮೇಲಷ್ಟೇ ಏರಿಸಿ.

ಇನ್ನೊಂದು ಚಿಕ್ಕ ದೂರು: ಪ್ರತಿ ಅಧ್ಯಾಯದ ಮೊದಲ ಅಕ್ಷರ ನುಂಗಿಹೋಗುತ್ತದೆ. ಬಿಟ್‌ಸ್ಟ್ರೀಮ್ ಬಂದಾಗ ಅದು ಯಾವ ಗಂಟು ಎಂದು ಗುರುತಿಸಲು ರಿಸೀವರ್‌ಗೆ ಅರೆಗಳಿಗೆ ಬೇಕು. ಆ ಅರೆಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಇದು ಕಿರಿಕಿರಿ ಎನ್ನಿಸಿದರೆ ಪಿಸಿಎಂಗೆ ಬದಲಿಸಿ ನೋಡಿ, ಹೆಚ್ಚಿನ ಮಟ್ಟಿಗೆ ಹೋಗುತ್ತದೆ.

ಪಿಸಿಎಂ ಜೋರು, ಬಿಟ್‌ಸ್ಟ್ರೀಮ್ ಸಪ್ಪೆ?

ಎರಡನ್ನೂ ಹೋಲಿಸುವವರು ಎಡವುವುದು ಧ್ವನಿಮಟ್ಟದಲ್ಲಿ. ಡಾಲ್ಬಿ ಟ್ರ್ಯಾಕ್‌ಗಳಲ್ಲಿ ಸಂಭಾಷಣೆಯ ಮಟ್ಟ ಇಷ್ಟು ಎಂಬ ಅಂಕಿಯೊಂದು ಅಡಗಿರುತ್ತದೆ, ಡಿಕೋಡರ್ ಅದನ್ನು ಓದಿ ಇಡೀ ಧ್ವನಿಯನ್ನು ತಗ್ಗಿಸುತ್ತದೆ. ಅನೇಕ ಸಿನಿಮಾಗಳಲ್ಲಿ ಹೀಗೆ ತಗ್ಗುವುದು ನಾಲ್ಕು ಡೆಸಿಬೆಲ್. ಅದೇ ಡಿಸ್ಕಿನ ಡಿಟಿಎಸ್ ಟ್ರ್ಯಾಕ್‌ಗೆ ಸಾಮಾನ್ಯವಾಗಿ ಈ ತಗ್ಗಿಸುವಿಕೆ ಇರುವುದಿಲ್ಲ. ಜೋರಾದದ್ದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತದೆ, ಡಿಟಿಎಸ್ ಉತ್ತಮ ಎಂಬ ನಂಬಿಕೆಯಲ್ಲಿ ಇದಕ್ಕೂ ಪಾಲಿದೆ. ಹೋಲಿಸುವುದಾದರೆ ಒಂದೇ ಟ್ರ್ಯಾಕ್ ಇಟ್ಟುಕೊಂಡು, ಮಟ್ಟ ಸಮ ಮಾಡಿಕೊಂಡು ಹೋಲಿಸಿ.

ಪಿಸಿಎಂನಲ್ಲಿ ಸ್ಫೋಟಗಳು ಚಪ್ಪಟೆಯಾಗಿ, ಪಿಸುಮಾತು ಎದ್ದು ಕೇಳಿಸಿದರೆ ಪ್ಲೇಯರ್‌ನ ‘ಡೈನಾಮಿಕ್ ರೇಂಜ್’ ಅಥವಾ ‘ನೈಟ್ ಮೋಡ್’ ನೋಡಿ, ಆಫ್ ಮಾಡಿ. ಬಿಟ್‌ಸ್ಟ್ರೀಮ್‌ನಲ್ಲಿಯೂ ಹಾಗೆಯೇ ಇದ್ದರೆ ರಿಸೀವರ್‌ನಲ್ಲಿ ಅದೇ ಆಯ್ಕೆ ಆನ್ ಆಗಿರುತ್ತದೆ. ಟ್ರೂಎಚ್‌ಡಿಗೆ ಅದು ‘ಆಟೋ’ದಲ್ಲಿದ್ದರೆ ಡಿಸ್ಕ್ ಹೇಳಿದಂತೆ ತಾನಾಗಿಯೇ ಕುಗ್ಗಿಸಬಹುದು.

ಇಷ್ಟಾದರೂ ಸರಿಹೋಗದಿದ್ದರೆ

ಮೂರೂ ಸಾಧನಗಳನ್ನು ಆರಿಸಿ, ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಪ್ಲೇಯರ್ ಆನ್ ಮಾಡಿ. ಎಚ್‌ಡಿಎಂಐ ಸಾಧನಗಳು ಹಳೆಯ ಪಟ್ಟಿಯನ್ನು ಮರೆತು ಹೊಸದಾಗಿ ವಿಚಾರಿಸಿಕೊಳ್ಳುತ್ತವೆ. ಸಾಫ್ಟ್‌ವೇರ್ ನವೀಕರಣದ ನಂತರ ದೋಷ ಕಾಣಿಸಿಕೊಂಡಿದ್ದರೆ ಸೆಟ್ಟಿಂಗ್‌ಗಳು ‘ಆಟೋ’ಗೆ ಮರಳಿವೆಯೇ ನೋಡಿ. ನಾನು ಸರಿಯಾದ ಸೆಟ್ಟಿಂಗ್‌ಗಳ ಮೆನು ಪುಟಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡಿರುತ್ತೇನೆ.

ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಬೇರೆ ಎಚ್‌ಡಿಎಂಐ ಕಿಂಡಿ, ಬೇರೆ ಕೇಬಲ್, ಬೇರೆ ಪ್ಲೇಯರ್. ಬೇರೆ ಪ್ಲೇಯರ್‌ನಲ್ಲೂ, ಎಲ್ಲ ಕಿಂಡಿಗಳಲ್ಲೂ ಚಿತ್ರ ಸರಿಯಾಗಿದ್ದು ಧ್ವನಿ ಮಾತ್ರ ತುಂಡುತುಂಡಾಗುತ್ತಿದ್ದರೆ ಅನುಮಾನ ರಿಸೀವರ್‌ನ ಎಚ್‌ಡಿಎಂಐ ಬೋರ್ಡ್ ಮೇಲೆ ಹೋಗಬೇಕು, ಅದು ರಿಪೇರಿಯವರ ಕೆಲಸ. ಅದು ಸರಿಹೋಗುವವರೆಗೆ ಪ್ಲೇಯರ್‌ನಿಂದ ಚಿತ್ರವನ್ನು ನೇರ ಟಿವಿಗೆ ಕೊಟ್ಟು, ಧ್ವನಿಯನ್ನು ಆಪ್ಟಿಕಲ್ ಕೇಬಲ್‌ನಲ್ಲಿ ಬಿಟ್‌ಸ್ಟ್ರೀಮ್ ಆಗಿ ರಿಸೀವರ್‌ಗೆ ಕಳುಹಿಸಿ. ಟ್ರೂಎಚ್‌ಡಿ ಸಿಗುವುದಿಲ್ಲ, ಅಟ್ಮಾಸ್ ಸಿಗುವುದಿಲ್ಲ. ಆದರೆ 5.1 ಪೂರ್ತಿ ಇರುತ್ತದೆ, ಮಳೆಯ ದೃಶ್ಯ ಬಂದಾಗ ಹಿಂದಿನ ಸ್ಪೀಕರ್‌ಗಳಲ್ಲೂ ಮಳೆ ಸುರಿಯುತ್ತದೆ.